ನಷ್ಟದ ದಾರಿಯ ಬಸ್ಸು

ಪಟ್ಟಣವಾಸಿಗಳಾದ ನಾವು ಬಸ್ಸನ್ನು ಬೈಯುವುದರಲ್ಲಿ ನಿಪುಣರು. ಅದು ಹತ್ತು ನಿಮಿಷ ತಡವಾಗಿ ಬಂದರೆ ಒಂದು ಬೈಗುಳ. ಬಂದ ಬಸ್ಸು ಕಿಕ್ಕಿರಿದಿದ್ದರೆ ಇನ್ನೊಂದು. ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಹೋಯಿತೆಂದರಂತೂ ಚಾಲಕನ ಏಳು ತಲೆಮಾರು ನಮ್ಮ ನಾಲಗೆಯ ಮೇಲೆ ಮೆರವಣಿಗೆ ಹೊರಡುತ್ತದೆ. ಆದರೆ ಬೈಯುವುದಕ್ಕೂ ಒಂದು ಯೋಗ ಬೇಕೆಂಬುದನ್ನು ನಾವು ಮರೆತುಬಿಡುತ್ತೇವೆ. ಬಸ್ಸು ತಡವಾಯಿತೆಂದು ಗೊಣಗಬೇಕಾದರೆ ಮೊದಲು ಬಸ್ಸು ಎಂಬುದೊಂದು ಇರಬೇಕಷ್ಟೆ. ಆ ಭಾಗ್ಯವೂ ಇಲ್ಲದ ಊರುಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಅಲ್ಲಿಯ ಜನ ಬಸ್ಸಿನ ವಿಷಯದಲ್ಲಿ ದೂರು ಹೇಳುವುದಿಲ್ಲ. ದೂರು ಹೇಳುವುದಿಲ್ಲವಾದುದರಿಂದ ಅವರಿಗೆ ಕಷ್ಟವೇ ಇಲ್ಲವೆಂದು ನಾವು ಭಾವಿಸಿಕೊಂಡಿದ್ದೇವೆ.

ಇಂತಹ ಊರುಗಳು ಎಲ್ಲಿವೆ ಎಂದು ಕೇಳುವವರು ಒಮ್ಮೆ ಮಲೆನಾಡಿನ ಕಡೆ ಕಣ್ಣು ಹಾಯಿಸಬೇಕು. ಬಯಲುಸೀಮೆಯ ಹಳ್ಳಿಯೆಂದರೆ ಒತ್ತೊತ್ತಾಗಿ ಕುಳಿತ ಮನೆಗಳ ಗುಂಪು. ನಡುವೆ ಒಂದು ಗುಡಿ, ಒಂದು ಅರಳಿಕಟ್ಟೆ. ಕಟ್ಟೆಯ ಬಳಿಗೆ ಬಸ್ಸು ಬಂದು ನಿಂತರೆ ಇಡೀ ಊರಿಗೆ ಬಂದಂತೆ. ಮಲೆನಾಡಿನಲ್ಲಿ ಹಾಗಲ್ಲ. ಅಲ್ಲಿ ತೋಟಕ್ಕೊಂದು ಮನೆ, ಗದ್ದೆಯ ಕೋವಿಗೊಂದು ಮನೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಊರಿನ ಹೆಸರು ಒಂದೇ ಆದರೂ ಊರು ಮಾತ್ರ ಮೂರು ಗುಡ್ಡಗಳ ಮೇಲೆ ಹರಡಿಕೊಂಡಿರುತ್ತದೆ. ಜನಸಂಖ್ಯೆಯನ್ನು ನೋಡಿ ಸೌಕರ್ಯ ಕೊಡುವ ಸರಕಾರದ ಲೆಕ್ಕದಲ್ಲಿ ಇಂತಹ ಊರು ಹಿಂದೆ ಬೀಳುವುದು ಸಹಜ. 2000ನೆಯ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ದೇಶದ ಹಳ್ಳಿಗಾಡಿಗೆ ಬಹಳ ಉಪಕಾರ ಮಾಡಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಹಿಡಿದ ಅಳತೆ ಬಯಲಿನಲ್ಲಿ 500 ಜನರ ವಸತಿ, ಬೆಟ್ಟದ ರಾಜ್ಯಗಳಲ್ಲಿ, ಮರುಭೂಮಿ ಹಾಗೂ ಗಿರಿಜನರ ಪ್ರದೇಶಗಳಲ್ಲಿ 250 ಜನರ ವಸತಿ. ನಾಲ್ಕು ಮನೆಯ ಕೇರಿ ಯಾವ ಅಳತೆಗೆ ಸಿಕ್ಕೀತು?

ಇರಲಿ, ರಸ್ತೆ ಬಂತೆಂದೇ ಇಟ್ಟುಕೊಳ್ಳೋಣ. ರಸ್ತೆ ಬಂದ ಮಾತ್ರಕ್ಕೆ ಸಾರಿಗೆ ಬಂದಂತಾಯಿತೆ? ರಸ್ತೆ ಮಲಗಿಕೊಂಡಿರುವ ವಸ್ತು; ಅದು ಯಾರನ್ನೂ ಹೊತ್ತುಕೊಂಡು ಹೋಗಲಾರದು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ‘ಸಾರಿಗೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ಹಳಗನ್ನಡದ ‘ಸಾರ್’ ಎಂಬ ಧಾತು ನೆನಪಾಗುತ್ತದೆ. ಸಾರ್ ಎಂದರೆ ಸಮೀಪಿಸು, ಬಳಿಗೆ ಬರು. ಕವಿಗಳ ನಾಯಕರು ಕಾಡನ್ನು ಸಾರುತ್ತಾರೆ, ಪುರವನ್ನು ಸಾರುತ್ತಾರೆ. ಈ ಮಾತಿನ ಹುಟ್ಟನ್ನು ನಿಘಂಟುಕಾರರು ಹೇಗೆ ಬೇಕಾದರೂ ಬಿಡಿಸಲಿ; ಬಳಿಗೆ ಬಾರದ ಸಾರಿಗೆ ಸಾರಿಗೆಯೇ ಅಲ್ಲವೆಂಬುದು ನನ್ನ ನಂಬಿಕೆ. ಮುಖ್ಯ ರಸ್ತೆಗೆ ಆರು ಕಿಲೋಮೀಟರು ನಡೆದು ಬಂದು ಬಸ್ಸು ಹತ್ತು ಎಂದು ಎಪ್ಪತ್ತೈದರ ಅಜ್ಜಿಗೆ ಹೇಳುವುದು ಕಣಜದ ಬೀಗದಕೈಯನ್ನು ಅಟ್ಟದ ಮೇಲಿಟ್ಟು ಉಣ್ಣು ಎಂದಂತೆ.

“ಈಗ ಎಲ್ಲರ ಮನೆಯಲ್ಲೂ ಒಂದು ಬೈಕೋ ಸ್ಕೂಟರೋ ಇದೆಯಲ್ಲ ಸ್ವಾಮಿ!” ಎಂದು ವಾಚಕರಲ್ಲಿ ಕೆಲವರು ಹೇಳಬಹುದು. ನಿಜ, ಇದೆ. ಆದರೆ ಆ ಬೈಕು ಮನೆಯದಲ್ಲ. ಮನೆಯ ಒಬ್ಬ ಗಂಡುಮಗನದು. ಬೆಳಿಗ್ಗೆ ಏಳಕ್ಕೆ ಅವನೊಡನೆ ಅದೂ ಹೊರಟುಹೋಗುತ್ತದೆ. ಮನೆಯಲ್ಲಿ ಉಳಿಯುವವರು ಯಾರು? ಮುದುಕರು, ಬೈಕು ಕಲಿಯದ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಕಣ್ಣು ಕಾಣದವರು, ಕಾಲು ಸೋತವರು. ಬೈಕುಗಳು ಹೆಚ್ಚಿದಂತೆ ಬಸ್ಸಿಗೆ ಜನ ಕಡಿಮೆಯಾಗುತ್ತಾರೆ. ಜನ ಕಡಿಮೆಯಾದಂತೆ ನಾಲ್ಕು ಸಲ ಬರುತ್ತಿದ್ದ ಬಸ್ಸು ಎರಡು ಸಲ ಬರುತ್ತದೆ. ಎರಡು ಸಲ ಬರುವ ಬಸ್ಸನ್ನು ನೆಚ್ಚಲಾಗದೆ ಇನ್ನೂ ನಾಲ್ವರು ಸಾಲ ಮಾಡಿ ಬೈಕು ಕೊಳ್ಳುತ್ತಾರೆ. ಕೊನೆಗೊಂದು ದಿನ ಬಸ್ಸು ನಿಂತುಹೋಗುತ್ತದೆ. ಆಗ ಕೈಚೆಲ್ಲಿ ಕುಳಿತುಕೊಳ್ಳುವವರು ಬೈಕನ್ನು ಎಂದೂ ಏರಲಾರದವರು. ಯಾರಿಗೆ ಬಸ್ಸಿನ ಅಗತ್ಯ ಅತ್ಯಂತ ಹೆಚ್ಚೋ ಅವರೇ ಬಸ್ಸನ್ನು ಉಳಿಸಿಕೊಳ್ಳಲು ಅತ್ಯಂತ ಅಶಕ್ತರು. ಈ ವಿಷಯದ ತಿರುಳು ಇಷ್ಟೆ.

ಇದರ ಪರಿಣಾಮವನ್ನು ಕಾಣಲು ನಾನು ಬೆಟ್ಟ ಹತ್ತಬೇಕಾಗಿಲ್ಲ. ನನ್ನ ಹಾಜರಿ ಪುಸ್ತಕವೇ ಸಾಕು. ದಿನದ ಕೊನೆಯ ಗಂಟೆಯ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಪುಸ್ತಕ ಮಡಿಸಿ ಕಿಟಕಿಯ ಕಡೆ ನೋಡತೊಡಗುತ್ತಾರೆ. ಪಂಪನ ಮೇಲೆ ಅವರಿಗೆ ಮುನಿಸೇನೂ ಇಲ್ಲ. ಊರಿನ ಕಡೆಯ ಕೊನೆಯ ಬಸ್ಸು ನಾಲ್ಕೂವರೆಗೆ ಹೊರಡುತ್ತದೆ. “ಸಾರ್, ಬಸ್ಸು...” ಎಂದು ಒಬ್ಬಳು ಎದ್ದು ನಿಂತರೆ ನಾನು ತಲೆಯಾಡಿಸಬೇಕು. ವರ್ಷವಿಡೀ ಹೀಗೆ ಕೊನೆಯ ಗಂಟೆಯನ್ನು ಕಳೆದುಕೊಂಡವಳು ಪರೀಕ್ಷೆಯಲ್ಲಿ ಎರಡನೆಯ ದರ್ಜೆ ಪಡೆದರೆ ಅದಕ್ಕೆ ಅವಳ ಬುದ್ಧಿ ಕಾರಣವೆಂದು ಅಂಕಪಟ್ಟಿ ಹೇಳುತ್ತದೆ. ಬಸ್ಸಿನ ವೇಳಾಪಟ್ಟಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ.

ಆಸ್ಪತ್ರೆಯ ವಿಷಯವೂ ಹಾಗೆಯೇ. ಕರ್ನಾಟಕದಲ್ಲಿ 2008ರ ನವೆಂಬರಿನಿಂದ 108ರ ಆಂಬುಲೆನ್ಸ್ ಓಡಾಡುತ್ತಿದೆ. ಬಿದಿರಿನ ಗಳುವಿಗೆ ಕಂಬಳಿ ಕಟ್ಟಿ ಜೋಲಿಯಲ್ಲಿ ರೋಗಿಯನ್ನು ಹೊತ್ತು ತರುತ್ತಿದ್ದ ಸೀಮೆಗೆ ಅದು ದೊಡ್ಡ ವರ. ಆದರೆ ಆಂಬುಲೆನ್ಸು ಬರುವುದು ಎದೆ ಹಿಡಿದುಕೊಂಡಾಗ. ಎದೆ ಹಿಡಿದುಕೊಳ್ಳದಂತೆ ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಿ ಗುಳಿಗೆ ತರಬೇಕಲ್ಲ, ಅದಕ್ಕೆ ಯಾವ ವಾಹನ? ಸಕ್ಕರೆ ಕಾಯಿಲೆಯವನು, ಬಸುರಿ ಹೆಂಗಸು, ಕನ್ನಡಕ ಬದಲಿಸಬೇಕಾದ ಮುದುಕ ಇವರಾರೂ 108ಕ್ಕೆ ಫೋನು ಮಾಡುವಂತಿಲ್ಲ. ಅವರಿಗೆ ಬೇಕಾದುದು ಗಂಟೆ ಬಾರಿಸುತ್ತ ಬರುವ ವಾಹನವಲ್ಲ. ವಾರಕ್ಕೆ ಎರಡು ದಿನ, ಹೇಳಿದ ಹೊತ್ತಿಗೆ, ಮನೆಯ ಹತ್ತಿರ ಬಂದು ನಿಲ್ಲುವ ಒಂದು ಸಾಮಾನ್ಯ ಬಂಡಿ.

ನಮ್ಮ ನಾಡಿನಲ್ಲಿ ಸಂಪರ್ಕ ಕಡಿದುಹೋದವರ ಕತೆ ಹೇಳುವಾಗ ಶರಾವತಿಯ ಹಿನ್ನೀರಿನವರನ್ನು ನೆನೆಯದೆ ಇರುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ನಿಂತಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ದೀಪಗಳನ್ನು ಬೆಳಗಿತು. ಸಾಗರ ತಾಲ್ಲೂಕಿನ ತುಮರಿಯ ಕಡೆಯ ಹಳ್ಳಿಗಳು ಮಾತ್ರ ನೀರಿನ ಆಚೆ ಉಳಿದವು. ಸಾಗರಕ್ಕೆ ಬರಬೇಕಾದರೆ ಲಾಂಚು ಹತ್ತಬೇಕು. ಬೇಸಗೆಯಲ್ಲಿ ನೀರು ಇಳಿಯಿತೆಂದರೆ ಲಾಂಚು ವಾಹನಗಳನ್ನು ಹೊರಲಾರದು. ರಾತ್ರಿಯಾಯಿತೆಂದರೆ ಲಾಂಚೇ ಇಲ್ಲ. ಅರವತ್ತು ವರ್ಷಗಳಿಗೂ ಮಿಕ್ಕಿ ಹೀಗೆ ನಡೆಯಿತು. ಕೊನೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರು ಉದ್ದದ ಸೇತುವೆ ಉದ್ಘಾಟನೆಯಾಯಿತು. ಸಂತೋಷದ ಸಂಗತಿ. ಆದರೆ ಸೇತುವೆಯೂ ರಸ್ತೆಯಂತೆಯೇ ಮಲಗಿಕೊಂಡಿರುವ ವಸ್ತು. ಕಾರಿನಲ್ಲಿ ಸಿಗಂದೂರಿಗೆ ಹೋಗುವ ಭಕ್ತರಿಗೆ ಅದು ಮೊದಲ ದಿನದಿಂದಲೇ ಪ್ರಯೋಜನಕ್ಕೆ ಬಂತು. ದಾರಿಯಿಂದ ಒಳಗೆ, ಗುಡ್ಡದ ಮರೆಯಲ್ಲಿರುವ ಮನೆಯ ಮುದುಕಿಗೆ ಅದು ಪ್ರಯೋಜನಕ್ಕೆ ಬರಬೇಕಾದರೆ ಅವಳನ್ನು ಸೇತುವೆಯವರೆಗೆ ಕರೆತರುವ ಒಂದು ಬಂಡಿ ಬೇಕು.

ಹಾಗಾದರೆ ಬಂಡಿಯನ್ನು ಓಡಿಸುವವರು ಯಾರು? ನಮ್ಮಲ್ಲಿ ಎರಡು ಉತ್ತರಗಳು ಮೊದಲಿನಿಂದ ಇವೆ. ಒಂದು, ಸರಕಾರ, ಇನ್ನೊಂದು, ಖಾಸಗಿ ಮಾಲಿಕ. ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸರಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು; 1961ರಲ್ಲಿ ಅದು ನಿಗಮವಾಯಿತು. ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಮಾತ್ರ ಖಾಸಗಿ ಬಸ್ಸುಗಳೇ ಬಹುಕಾಲ ಜನರ ಕೈಕಾಲುಗಳಾಗಿದ್ದವು. ಈ ಎರಡಕ್ಕೂ ಸೇರದ ಮೂರನೆಯ ಉತ್ತರವೊಂದನ್ನು ಕೊಟ್ಟವರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಕಾರ್ಮಿಕರು. ಅವರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಹೆಸರಾಂತ ಬಸ್ಸು ಕಂಪನಿಯಿತ್ತು. ಕಾರ್ಮಿಕರಿಗೂ ಮಾಲಿಕರಿಗೂ ಬಿಕ್ಕಟ್ಟು ಬೆಳೆದು ಕಂಪನಿ ಮುಚ್ಚಿತು. ಇಂತಹ ಸಂದರ್ಭಗಳಲ್ಲಿ ಕೆಲಸ ಹೋದವರು ಬರಬೇಕಾದ ಹಣವನ್ನು ಹಿಡಿದುಕೊಂಡು ಒಬ್ಬೊಬ್ಬರಾಗಿ ಚದುರಿಹೋಗುವುದು ಲೋಕರೂಢಿ. ಕೊಪ್ಪದವರು ಹಾಗೆ ಮಾಡಲಿಲ್ಲ. ತಮಗೆ ಬರಬೇಕಾದ ಹಣಕ್ಕೆ ಬದಲಾಗಿ ಬಸ್ಸುಗಳನ್ನೇ ಪಡೆದು, 1991ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡು, ತಾವೇ ಬಸ್ಸು ಓಡಿಸತೊಡಗಿದರು. ಆರಂಭಕ್ಕೆ ಇದ್ದವು ಆರು ಬಸ್ಸುಗಳು. ಚಾಲಕನೂ ಮಾಲಿಕ, ಕಂಡಕ್ಟರೂ ಮಾಲಿಕ, ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿಕೊಂಡು ನಿಂತವನೂ ಮಾಲಿಕ. ಜನ ಅದನ್ನು ‘ಸಹಕಾರ ಸಾರಿಗೆ’ ಎಂದು ಕರೆದರು. ಆರು ಬಸ್ಸುಗಳು ವರ್ಷಗಳು ಕಳೆದಂತೆ 70ಕ್ಕೂ ಹೆಚ್ಚಾದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನ ಕಾಡುದಾರಿಗಳಲ್ಲಿ ಆ ಬಸ್ಸುಗಳು ಓಡಿದವು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಟ್ಟವು.

ಮಲೆನಾಡಿನ ಬಸ್ಸೆಂದರೆ ಬರಿಯ ಬಸ್ಸಲ್ಲವೆಂಬುದನ್ನು ಆ ಕಡೆಯವರು ಬಲ್ಲರು. ದಿನಪತ್ರಿಕೆಯ ಕಟ್ಟು ಅದರಲ್ಲಿ ಬರಬೇಕು. ಪೇಟೆಯ ಔಷಧದಂಗಡಿಯಿಂದ ಗುಳಿಗೆಯ ಪೊಟ್ಟಣ ಅದರಲ್ಲಿ ಬರಬೇಕು. ರಿಪೇರಿಗೆ ಕೊಟ್ಟ ಮಿಕ್ಸಿ, ಮದುವೆಯ ಕರೆಯೋಲೆ, ಮಗಳ ಮನೆಗೆ ಕಳಿಸುವ ಹಲಸಿನಹಣ್ಣು ಎಲ್ಲವೂ ಕಂಡಕ್ಟರನ ಕೈಯಿಂದಲೇ ದಾಟಬೇಕು. “ನಿಮ್ಮ ಅತ್ತೆಮ್ಮ ಮೊನ್ನೆಯಿಂದ ಬಸ್ಸಿಗೆ ಬರಲಿಲ್ಲವಲ್ಲ, ಹುಷಾರಿಲ್ಲವೇನ್ರೀ?” ಎಂದು ಕಂಡಕ್ಟರು ವಿಚಾರಿಸುತ್ತಾನೆ. ಬಸ್ಸಿನಲ್ಲಿ ಬಾರದವರನ್ನೂ ಲೆಕ್ಕವಿಡುವ ಸಾರಿಗೆ ಇದು. ಅಂತಹ ಲೆಕ್ಕವನ್ನು ದೂರದ ಕಚೇರಿಯ ಯಂತ್ರ ಇಡಲಾರದು.

ಆದರೆ ಆ ಸಹಕಾರ ಸಾರಿಗೆ ಈಗ ಇಲ್ಲ. 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. ಮುಚ್ಚಿದ್ದು ಜನರ ಪ್ರೀತಿ ಬತ್ತಿತೆಂದಲ್ಲ. ಡೀಸೆಲಿನ ಬೆಲೆ 2014ರ ಅಕ್ಟೋಬರಿನಲ್ಲಿ ಸರಕಾರದ ಹಿಡಿತದಿಂದ ಬಿಡುಗಡೆಯಾಗಿ ಮಾರುಕಟ್ಟೆಯ ಜೊತೆ ಏರಿಳಿಯತೊಡಗಿತ್ತು. ಬಿಡಿಭಾಗಗಳ ಬೆಲೆ, ವಿಮೆ, ತೆರಿಗೆಗಳ ಹೊರೆ ಬೆಳೆಯಿತು. ಬಸ್ಸು ಹತ್ತುವವರ ಸಂಖ್ಯೆ ಇಳಿಯಿತು. ಸುಮಾರು ಮೂರು ದಶಕಗಳ ಕಾಲ ಮಾಲಿಕನಿಲ್ಲದೆ ನಡೆದ ಸಂಸ್ಥೆ, ನಷ್ಟವನ್ನು ಹೊರುವವರಿಲ್ಲದೆ ಕುಸಿಯಿತು. ಇದನ್ನು ಕಂಡು, “ನೋಡಿದಿರಾ, ಸಹಕಾರವೆಂದರೆ ಇಷ್ಟೇ” ಎಂದು ತಲೆ ಕೊಡವುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಆ ಕಾರ್ಮಿಕರು ವ್ಯಾಪಾರದಲ್ಲಿ ಸೋತವರಲ್ಲ. ನಾವೆಲ್ಲ ಸೇರಿ ಕೊಡಬೇಕಾಗಿದ್ದ ಹಣವನ್ನು ಅಷ್ಟು ವರ್ಷ ತಮ್ಮ ಬೆವರಿನಿಂದ ಕಟ್ಟಿದವರು. ಅವರ ಶಕ್ತಿ ಮುಗಿಯಿತು, ಅಷ್ಟೆ.

ಇದು ಹೇಗೆಂದು ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆಂದು ಹಾಕಿಕೊಂಡವು. ವಾಚಕರು ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಒಳನಾಡಿನ ಒಂದು ಊರಿಗೆ ಬಸ್ಸು ಒಂದು ಸಲ ಹೋಗಿಬರಲು 1000 ರೂಪಾಯಿ ಖರ್ಚು. ಬಸ್ಸಿನಲ್ಲಿ ಐವತ್ತು ಜನ ಕುಳಿತರೂ ಐದು ಜನ ಕುಳಿತರೂ ಡೀಸೆಲು ಸುಡುವುದು ಹೆಚ್ಚುಕಡಿಮೆ ಅಷ್ಟೇ. ಬಂದವರು 16 ಜನ, ಟಿಕೆಟ್ಟು 25 ರೂಪಾಯಿ, ವಸೂಲಾದದ್ದು 400. ಪುಸ್ತಕದಲ್ಲಿ 600 ರೂಪಾಯಿ ನಷ್ಟವೆಂದು ಬರೆದು ಬಸ್ಸನ್ನು ನಿಲ್ಲಿಸಿದರು. ಮರುದಿನ ಆ 16 ಜನ ಏನು ಮಾಡುತ್ತಾರೆ? ಏಳು ಜನ ಪೇಟೆಗೆ ಹೋಗುವುದನ್ನೇ ಬಿಡುತ್ತಾರೆ. ಉಳಿದ ಒಂಬತ್ತು ಜನ ಮೂರು ಮೂರರಂತೆ ಸೇರಿ, 600 ರೂಪಾಯಿಗೊಂದರಂತೆ ಮೂರು ಆಟೋ ಗೊತ್ತುಮಾಡುತ್ತಾರೆ, ಒಟ್ಟು 1800. ಹಿಂದೆ 1000 ರೂಪಾಯಿಯಲ್ಲಿ 16 ಜನ ಹೋಗಿಬರುತ್ತಿದ್ದರು. ಈಗ 1800 ರೂಪಾಯಿ ಕೊಟ್ಟು ಒಂಬತ್ತು ಜನ ಹೋಗಿಬರುತ್ತಾರೆ. ಮನೆಯಲ್ಲೇ ಉಳಿದ ಏಳು ಜನರ ಔಷಧ, ಓದು, ಬ್ಯಾಂಕಿನ ಕೆಲಸಗಳ ಬೆಲೆಯನ್ನು ಯಾರೂ ಕೂಡಿ ಹಾಕಲಿಲ್ಲ. ಬಸ್ಸಿನ ಲೆಕ್ಕದಲ್ಲಿ ಉಳಿತಾಯವೆಂದು ಕಂಡದ್ದು ಊರಿನ ಲೆಕ್ಕದಲ್ಲಿ ಲೂಟಿ. ಎರಡು ಪುಸ್ತಕಗಳೂ ಒಂದೇ ಮೇಜಿನ ಮೇಲೆ ಎಂದೂ ಬಾರದಿರುವುದರಿಂದ ಈ ಮೋಸ ನಡೆದುಹೋಗುತ್ತದೆ.

ಆದುದರಿಂದ ಕೇಳಬೇಕಾದ ಪ್ರಶ್ನೆ ‘ಈ ದಾರಿ ಲಾಭದ್ದೋ ನಷ್ಟದ್ದೋ’ ಎಂದಲ್ಲ. ದೂರದ ಊರಿನ ದಾರಿ ನಷ್ಟದ್ದೇ. ಆ 600 ರೂಪಾಯಿಯನ್ನು ಕೊಡುವವರು ಯಾರು ಎಂಬುದೇ ಪ್ರಶ್ನೆ. ಹಿಂದೆ ಬಸ್ಸು ಕಂಪನಿಗಳು ಪೇಟೆಯಿಂದ ಪೇಟೆಗೆ ಹೋಗುವ ಲಾಭದ ದಾರಿಯಲ್ಲಿ ಗಳಿಸಿ ಹಳ್ಳಿಯ ದಾರಿಗೆ ಸುರಿಯುತ್ತಿದ್ದವು. ಲಾಭದ ದಾರಿಯಲ್ಲಿ ಪೈಪೋಟಿ ಹೆಚ್ಚಿ ಕೆನೆಯೆಲ್ಲ ಹಂಚಿಹೋದ ಮೇಲೆ ಹಳ್ಳಿಗೆ ಮಜ್ಜಿಗೆಯೂ ಉಳಿಯುವುದಿಲ್ಲ.

ಸರಕಾರ ಕೊಡಬಾರದೆ? ಕೊಡುತ್ತಿದೆಯಲ್ಲ ಎನ್ನಬಹುದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಪ್ರಯಾಣದ ಖರ್ಚನ್ನು ಸಮಾಜ ಹೊರಬಹುದೆಂಬ ತತ್ತ್ವವನ್ನು ಸರಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಆ ಯೋಜನೆ ಖಾಸಗಿ ಬಸ್ಸುಗಳಿಗೆ ಸಲ್ಲುವುದಿಲ್ಲ. ಬಸ್ಸೇ ಇಲ್ಲದ ಊರಿಗಂತೂ ಮೊದಲೇ ಸಲ್ಲುವುದಿಲ್ಲ. ಬೆಂಗಳೂರಿನ ಹೆಂಗಸು ದಿನಕ್ಕೆ ನಾಲ್ಕು ಸಲ ಸೊನ್ನೆಯ ಟಿಕೆಟ್ಟು ಪಡೆಯಬಹುದು. ಕೊಪ್ಪದ ಒಳನಾಡಿನ ಹೆಂಗಸು ಅದೇ ಹಕ್ಕನ್ನು ಕೈಯಲ್ಲಿ ಹಿಡಿದು ಬರಿದಾದ ರಸ್ತೆಯನ್ನು ನೋಡಬೇಕು. ಟಿಕೆಟ್ಟನ್ನು ಉಚಿತಗೊಳಿಸಿದ ಮೇಲೆ ಮುಂದಿನ ಹೆಜ್ಜೆ ಬಸ್ಸನ್ನು ಹುಟ್ಟಿಸುವುದು.

ಅದಕ್ಕೆ ದಾರಿ ತೋರಿಸಲು ದೂರ ಹೋಗಬೇಕಾಗಿಲ್ಲ. ಪಕ್ಕದ ಕೇರಳದಲ್ಲಿ 2022ರ ಜುಲೈಯಲ್ಲಿ ‘ಗ್ರಾಮವಂಡಿ’ ಎಂಬ ಯೋಜನೆ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯತಿಯಿಂದ ಹೊರಟಿತು. ಅದರ ಒಪ್ಪಂದ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಬಸ್ಸು ರಾಜ್ಯದ ಸಾರಿಗೆ ನಿಗಮದ್ದು. ಚಾಲಕ, ಕಂಡಕ್ಟರರ ಸಂಬಳವೂ ಬಸ್ಸಿನ ದುರಸ್ತಿಯೂ ನಿಗಮಕ್ಕೆ ಸೇರಿದ್ದು. ಡೀಸೆಲಿನ ಖರ್ಚು ಮಾತ್ರ ಸ್ಥಳೀಯ ಸಂಸ್ಥೆಯದು. ಡೀಸೆಲಿಗೆ ದುಡ್ಡು ಕೊಡುವವರು ಪಂಚಾಯತಿಯವರಾದುದರಿಂದ ಬಸ್ಸು ಯಾವ ಕೇರಿಗೆ, ಎಷ್ಟು ಹೊತ್ತಿಗೆ ಹೋಗಬೇಕೆಂಬುದರಲ್ಲಿ ಅವರ ಮಾತು ನಡೆಯುತ್ತದೆ. ನಷ್ಟವನ್ನು ಒಬ್ಬನ ತಲೆಯ ಮೇಲೆ ಹೇರದೆ ಇಬ್ಬರು ಹಂಚಿಕೊಂಡರು. ಹಂಚಿಕೊಂಡದ್ದರಿಂದ ಇಬ್ಬರಿಗೂ ಅಧಿಕಾರ ಬಂತು. ಕೊಪ್ಪದ ಕಾರ್ಮಿಕರಿಗೆ ಸಿಗದೆ ಹೋದದ್ದು ಇಂತಹ ಒಬ್ಬ ಪಾಲುದಾರ.

ಬಸ್ಸೇ ಬೇಕೆಂದೇನೂ ಇಲ್ಲ. ಹತ್ತು ಜನರಿಗೆ ಐವತ್ತು ಸೀಟಿನ ಬಸ್ಸನ್ನು ಏರುದಾರಿಯಲ್ಲಿ ಎಳೆಸುವುದು ಇಲಿಯ ಮೆರವಣಿಗೆಗೆ ಆನೆ ತಂದಂತೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಆಜೀವಿಕಾ ಗ್ರಾಮೀಣ ಎಕ್ಸ್‌ಪ್ರೆಸ್ ಯೋಜನೆಯ ಕಲ್ಪನೆ ಇಲ್ಲಿ ಉಪಯುಕ್ತವಾದುದು. ಹಳ್ಳಿಯ ಮಹಿಳೆಯರ ಸ್ವಸಹಾಯ ಗುಂಪಿಗೆ ಸೇರಿದವರು ಬಡ್ಡಿಯಿಲ್ಲದ ಸಾಲದಿಂದ ಚಿಕ್ಕ ವಾಹನವನ್ನು ಕೊಂಡು, ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಓಡಿಸಬೇಕು. ಒಂದು ವಾಹನಕ್ಕೆ ಆರೂವರೆ ಲಕ್ಷ ರೂಪಾಯಿವರೆಗೆ ಸಾಲ. ಬಂಡಿಯೂ ಊರಿನದು, ಓಡಿಸುವವರೂ ಊರಿನವರು, ದುಡಿದ ಹಣವೂ ಊರಿನಲ್ಲೇ ಉಳಿಯುವುದು. ಹಪ್ಪಳ ಸಂಡಿಗೆಗಳ ಆಚೆ ನಮ್ಮ ಮಹಿಳಾ ಸಂಘಗಳಿಗೆ ಕೆಲಸವಿಲ್ಲವೆಂದು ತಿಳಿದವರು ಇದನ್ನು ಗಮನಿಸಬೇಕು. ಕಾನೂನೂ ಅಡ್ಡಿಯಾಗಿಲ್ಲ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಗ್ರಾಮೀಣ ಸಾರಿಗೆಗಾಗಿ ರಾಜ್ಯ ಸರಕಾರವೇ ಯೋಜನೆ ರೂಪಿಸಿ ಪರವಾನಗಿ ಕೊಡಬಹುದೆಂದು 67ನೆಯ ವಿಧಿಗೆ ಸೇರಿಸಲಾಗಿದೆ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಜರ್ಮನಿಯ ವೆಸ್ಟ್‌ಫಾಲಿಯ ಸೀಮೆಯ ಹೇಕ್ ಮತ್ತು ಲೇಗ್ಡನ್ ಎಂಬ ಊರುಗಳಲ್ಲಿ 1985ರಲ್ಲಿ ‘ನಾಗರಿಕರ ಬಸ್ಸು’ ಎಂಬುದೊಂದು ಆರಂಭವಾಯಿತು. ಚಾಲಕನ ಹೊರತು ಎಂಟು ಜನ ಕೂರಬಹುದಾದ ಪುಟ್ಟ ಬಸ್ಸು. ಊರಿನವರು ಸಂಬಳ ಪಡೆಯದೆ ಸರದಿಯ ಮೇಲೆ ಅದನ್ನು ಓಡಿಸುತ್ತಾರೆ. ಆ ಮೇಲ್ಪಂಕ್ತಿಯನ್ನು ಅನುಸರಿಸಿ ಅಲ್ಲಿ ಎಷ್ಟೋ ಊರುಗಳು ತಮ್ಮ ಬಸ್ಸನ್ನು ತಾವೇ ಕಟ್ಟಿಕೊಂಡಿವೆ. ಇಂಗ್ಲೆಂಡಿನಲ್ಲಿ 1963ರ ಬೀಚಿಂಗ್ ವರದಿಯ ತರುವಾಯ ಹಳ್ಳಿಗಾಡಿನ ರೈಲುಗಳು ಸಾಲುಸಾಲಾಗಿ ನಿಂತವು. ಕಾರಣ, ಅದೇ ನಷ್ಟದ ಪುಸ್ತಕ. ಆ ದೇಶ 1985ರ ಸಾರಿಗೆ ಕಾಯಿದೆಯಲ್ಲಿ, ಲಾಭಕ್ಕಾಗಿ ಅಲ್ಲದೆ ಜನರ ಉಪಯೋಗಕ್ಕಾಗಿ ವಾಹನ ಓಡಿಸುವ ಸಂಘಗಳಿಗೆ ಪ್ರತ್ಯೇಕ ಪರವಾನಗಿಯನ್ನೇ ಇಟ್ಟಿದೆ. ಫೋನು ಮಾಡಿ ತಿಳಿಸಿದರೆ ಅಂಗವಿಕಲರನ್ನೂ ವೃದ್ಧರನ್ನೂ ಮನೆಯ ಬಾಗಿಲಿನಿಂದ ಕರೆದೊಯ್ಯುವ ಬಂಡಿಗಳು ಅಲ್ಲಿ ಇವೆ.

“ಸಂಬಳವಿಲ್ಲದೆ ಓಡಿಸುವ ಜನ ನಮ್ಮಲ್ಲಿ ಸಿಕ್ಕಾರೆಯೆ?” ಎಂದು ನಗಬೇಡಿ. ಮಲೆನಾಡಿಗೆ ‘ಮುಯ್ಯಾಳು’ ಎಂಬ ಮಾತನ್ನು ಜರ್ಮನರು ಕಲಿಸಿದ್ದಲ್ಲ. ಇಂದು ನಿನ್ನ ಗದ್ದೆಯ ನೆಟ್ಟಿಗೆ ನಾನು, ನಾಳೆ ನನ್ನ ಗದ್ದೆಯ ನೆಟ್ಟಿಗೆ ನೀನು ಎಂಬ ಲೆಕ್ಕದಲ್ಲಿ ತಲೆಮಾರುಗಳ ಬೇಸಾಯ ನಡೆದಿದೆ. ಆದರೂ ನಾನು ಚಾಲಕನಿಗೆ ಸಂಬಳ ಕೊಡಬೇಕೆನ್ನುವವನೇ. ಉಚಿತ ಸೇವೆ ಹಬ್ಬಕ್ಕೆ ಸರಿ; ದಿನದ ಊಟಕ್ಕೆ ಸಂಬಳದ ಅಡಿಗೆಯವನೇ ಬೇಕು. ಮುಯ್ಯಾಳಿನ ಮನೋಧರ್ಮವನ್ನು ಆಡಳಿತಕ್ಕೆ ಉಪಯೋಗಿಸೋಣ. ಯಾವ ದಿನ ಯಾರ ಮನೆಯ ಮುಂದೆ ಬಂಡಿ ನಿಲ್ಲಬೇಕು, ಸಂತೆಯ ದಿನ ಎಷ್ಟು ಹೊತ್ತಿಗೆ ಹಿಂದಿರುಗಬೇಕು, ಸಣ್ಣ ಬಂಡಿ ಬಂದು ಸೇರುವವರೆಗೆ ದೊಡ್ಡ ಬಸ್ಸು ಐದು ನಿಮಿಷ ಕಾಯಬಹುದೆ, ಇವನ್ನೆಲ್ಲ ಊರಿನವರೇ ಕುಳಿತು ನಿರ್ಧರಿಸಲಿ.

ಹತ್ತುವ ಮಾತೊಂದು ಉಳಿಯಿತು. ಬಸ್ಸು ಮನೆಯ ಮುಂದೆ ಬಂದು ನಿಂತರೂ ಅದರ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿದ್ದರೆ ಸಂಧಿವಾತದ ಮುದುಕಿಗೆ ಅದು ಬಾರದ ಬಸ್ಸೇ. ಕರ್ನಾಟಕದಲ್ಲಿ ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ರಿಯಾಯಿತಿಯ ಪಾಸು ಉಂಟು. ಪಾಸು ಕೈಯಲ್ಲಿದೆ, ಕಾಲು ಮೆಟ್ಟಿಲಿಗೆ ಎಟುಕುವುದಿಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 41ನೆಯ ವಿಧಿ, ಹಳೆಯ ವಾಹನಗಳನ್ನೂ ಸಾಧ್ಯವಾದಷ್ಟು ಮಾರ್ಪಡಿಸಿ ಅವರಿಗೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಕೆಳಗೊಂದು ಹೆಚ್ಚಿನ ಮೆಟ್ಟಿಲು, ಹಿಡಿದುಕೊಳ್ಳಲು ಹಳದಿ ಬಣ್ಣದ ಗಟ್ಟಿ ಸರಳು, ಗಾಲಿಕುರ್ಚಿ ಏರಿಸಲು ಮಡಿಸಿಡಬಹುದಾದ ಒಂದು ಹಲಗೆ. ಇವುಗಳ ಜೊತೆಗೆ ಇಳಿದು ಬಂದು ಕೈ ಹಿಡಿಯುವ ಚಾಲಕ. ಸಣ್ಣ ಬಂಡಿಯನ್ನು ಕಟ್ಟಿಸುವಾಗಲೇ ಇವನ್ನು ಇಡಿಸಿದರೆ ಆಮೇಲೆ ಒದ್ದಾಡಬೇಕಾಗಿಲ್ಲ. ಅಂಗವಿಕಲರಿಗೆ ಅನುಕೂಲವಾದ ಮೆಟ್ಟಿಲು ಬಸುರಿಗೂ, ತಲೆಹೊರೆ ಹೊತ್ತವನಿಗೂ, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡವಳಿಗೂ ಅನುಕೂಲವೇ ಅಲ್ಲವೆ?

ಇದೆಲ್ಲ ಹಳ್ಳಿಯವರ ಸಮಸ್ಯೆ, ಪಟ್ಟಣದ ಓದುಗರಾದ ನಮಗೇಕೆ ಎಂದು ಯಾರೂ ಪುಟ ತಿರುಗಿಸದಿರಲಿ. ಆ ಒಂಟಿ ಮನೆಗಳಲ್ಲಿ ಉಳಿದಿರುವವರು ಯಾರು? ನಮ್ಮ ತಂದೆತಾಯಿಗಳು, ದೊಡ್ಡಪ್ಪ, ಚಿಕ್ಕಮ್ಮ, ಸೋದರತ್ತೆಯರು. ಮಕ್ಕಳನ್ನು ಓದಿಸಿ ಬೆಂಗಳೂರಿಗೆ, ಅಲ್ಲಿಂದ ಆಚೆಗೆ ಕಳಿಸಿ ತೋಟದ ಮನೆಯಲ್ಲಿ ಇಬ್ಬರೇ ಕುಳಿತವರು. ನಾವು ತಿಂಗಳಿಗೊಮ್ಮೆ ಅವರ ಖಾತೆಗೆ ಹಣ ಹಾಕುತ್ತೇವೆ. ಆ ಹಣವನ್ನು ತೆಗೆಯಲು ಬ್ಯಾಂಕಿಗೆ ಹೇಗೆ ಹೋದಿರಿ ಎಂದು ಕೇಳುವುದಿಲ್ಲ. ದೀಪಾವಳಿಗೆ ನಮ್ಮ ಕಾರಿನಲ್ಲೇ ಹೋಗಿ ಅಂಗಳದಲ್ಲೇ ಇಳಿಯುವುದರಿಂದ ಬಸ್ಸು ನಿಂತುಹೋದ ಸಂಗತಿಯೇ ನಮಗೆ ತಿಳಿಯುವುದಿಲ್ಲ. “ನಮಗೇನೂ ತೊಂದರೆಯಿಲ್ಲ ಮಗ, ನೀನು ಚೆನ್ನಾಗಿರು” ಎಂದು ಅವರು ಹೇಳುತ್ತಾರೆ. ಹಾಗೆ ಹೇಳುವುದು ಅವರ ಅಭ್ಯಾಸ.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕಾರನ್ನು ಅಂಗಳದಲ್ಲೇ ಬಿಟ್ಟು, ಅಪ್ಪನ ಔಷಧ ತರಲು ಅಪ್ಪ ಹೋಗುವಂತೆಯೇ ಹೋಗಿಬನ್ನಿ. ಎಷ್ಟು ದೂರ ನಡೆದಿರಿ, ಎಷ್ಟು ಹೊತ್ತು ಕಾದಿರಿ, ಎಷ್ಟು ದುಡ್ಡು ತೆತ್ತಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೆರೆಯ ನಾಲ್ಕು ಮನೆಯವರಿಂದಲೂ ಅಂತಹ ಚೀಟಿ ಬರೆಸಿ, ಮುಂದಿನ ಗ್ರಾಮಸಭೆಯಲ್ಲಿ ಪಂಚಾಯತಿಯ ಮೇಜಿನ ಮೇಲೆ ಇಡಿಸಿ. ಬಸ್ಸಿನವರ ನಷ್ಟದ ಪುಸ್ತಕ ಬಹುಕಾಲದಿಂದ ಆ ಮೇಜಿನ ಮೇಲೆ ಒಂದೇ ಇದೆ. ಅದರ ಪಕ್ಕದಲ್ಲಿ ಊರಿನ ಪುಸ್ತಕವೂ ಬಂದು ಕುಳಿತುಕೊಳ್ಳಲಿ. ಆಮೇಲೆ ಡೀಸೆಲಿಗೆ ಎಷ್ಟು ಬೇಕು, ಅದರಲ್ಲಿ ಪಂಚಾಯತಿಯ ಪಾಲೆಷ್ಟು, ಸರಕಾರದ ಪಾಲೆಷ್ಟು, ದೂರದಲ್ಲಿರುವ ಮಕ್ಕಳಾದ ನಮ್ಮ ಪಾಲೆಷ್ಟು ಎಂದು ಕೂಡಿ ಕಳೆಯುವುದು ಕಷ್ಟವಾಗಲಾರದು.